ಬಾಗಿಲ ಕ್ಯಾಮೆರಾ ಹೋಮ್ ಅಸಿಸ್ಟೆಂಟ್‌ಗೆ ಸೇರುತ್ತೋ ಇಲ್ವೋ, ದುಡ್ಡು ಕೊಡುವ ಮೊದಲೇ ತಿಳಿಯೋದು ಹೇಗೆ?

ಮಾಳಮಡ್ಡಿ ಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ ದಾರಿ ಹೇಳಿ.

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದೇನೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅವ್ವ ಧಾರವಾಡದ ಮಾಳಮಡ್ಡಿಯ ಹಳೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. ವಯಸ್ಸು 78. ನಮ್ಮ ಮನೆಗೆ ಬಂದುಬಿಡು ಅಂತ ಎಷ್ಟು ಸಲ ಕರೆದರೂ ಬರಲ್ಲ. ಹಿತ್ತಲ ಕರಿಬೇವು, ಪಾರಿಜಾತದ ಗಿಡ, ಎದುರುಮನೆ ಗೆಳತಿ, ಇಷ್ಟನ್ನೂ ಬಿಟ್ಟು ಆಕೆ ಇರಲಾರಳು. ವಾರಕ್ಕೆ ಎರಡು ಸಲ ಶಾಲೆ ಮುಗಿಸಿ ಚಿಗರಿ ಬಸ್ ಹತ್ತಿ ನಾನೇ ಹೋಗಿ ಬರುತ್ತೇನೆ.

ತೊಂದರೆ ಇರೋದು ಬಾಗಿಲಿಂದ. ನಮ್ಮದು ಉದ್ದನೆಯ ಮನೆ. ಅವ್ವ ಹೆಚ್ಚು ಹೊತ್ತು ಹಿಂದಿನ ಅಡುಗೆಮನೆಯಲ್ಲೇ ಇರುತ್ತಾಳೆ. ಯಾರಾದರೂ ಬೆಲ್ ಒತ್ತಿದರೆ ಎರಡು ಹೊಸ್ತಿಲು ದಾಟಿ, ಪಡಸಾಲೆಯ ಗೋಡೆ ಹಿಡಿದುಕೊಂಡು ಬರಬೇಕು. ಮೊಣಕಾಲು ನೋವು ಬೇರೆ. ಕಳೆದ ಶ್ರಾವಣದಲ್ಲಿ ಹೀಗೇ ಅವಸರದಲ್ಲಿ ಬರುವಾಗ ಹೊಸ್ತಿಲು ಎಡವಿ ಬಿದ್ದಳು. ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್. ಬಾಗಿಲಲ್ಲಿ ಇದ್ದವನು ಪಾಂಪ್ಲೆಟ್ ಹಂಚುವ ಹುಡುಗ, ಅಷ್ಟೇ. ಅವತ್ತು ಆಕೆ ಎದ್ದು ಬರುವ ಅಗತ್ಯವೇ ಇರಲಿಲ್ಲ.

ಆಗಿನಿಂದ ನನ್ನ ತಲೆಯಲ್ಲಿ ಒಂದೇ ಇದೆ. ಬೆಲ್ ಒತ್ತಿದ ಕೂಡಲೇ ಅಡುಗೆಮನೆಯಲ್ಲಿ ಒಂದು ಪರದೆ ತಾನಾಗಿ ಹತ್ತಬೇಕು, ಬಾಗಿಲಲ್ಲಿ ಯಾರಿದ್ದಾರೆ ಅಂತ ಕಾಣಬೇಕು. ಅವ್ವ ಏನನ್ನೂ ಒತ್ತುವ ಹಾಗಿರಬಾರದು, ಯಾವ ಯಂತ್ರಕ್ಕೂ ಏನೂ ಹೇಳುವ ಹಾಗಿರಬಾರದು. ರಾತ್ರಿಯಾಗಿದ್ದರೆ ಕಟ್ಟೆಯ ಲೈಟೂ ಜೊತೆಗೇ ಹತ್ತಬೇಕು.

ಮನೆಯಲ್ಲಿ ಈಗ ಏನೇನಿದೆ ಅಂದ್ರೆ, ಅಪ್ಪ ಇದ್ದಾಗ 2017ರಲ್ಲಿ ಹಾಕಿಸಿದ ನಾಲ್ಕು ಕ್ಯಾಮೆರಾ ಮತ್ತು ಅವುಗಳ ಚಿತ್ರ ರೆಕಾರ್ಡ್ ಮಾಡುವ ಡಬ್ಬಿ, ಅಂದ್ರೆ ಹಿಕ್‌ವಿಷನ್ ಕಂಪನಿಯ ಡಿವಿಆರ್ ಇವೆ. ಬಾಗಿಲಿಗೂ ಅದರಲ್ಲೇ ಒಂದು ಕ್ಯಾಮೆರಾ ಇದೆ. ಟಿವಿ ಕೇಬಲ್‌ನಂಥ ದಪ್ಪ ವೈರ್, ತುದಿಯಲ್ಲಿ ತಿರುಗಿಸಿ ಕೂರಿಸುವ ಪಿನ್. ಅದು ಟಿವಿಗೆ ಮಾತ್ರ ಸೇರಿದೆ. ಪುಣೆಯಲ್ಲಿರುವ ತಮ್ಮ ದೀಪಾವಳಿಗೆ ಬಂದಾಗ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಹೋಮ್ ಅಸಿಸ್ಟೆಂಟ್ (ಮನೆಯ ಲೈಟು, ಕ್ಯಾಮೆರಾ ಎಲ್ಲ ಒಂದೇ ಕಡೆಯಿಂದ ನಡೆಸುವ ಸಾಫ್ಟ್‌ವೇರ್) ಹಾಕಿ, ಕಟ್ಟೆಯ ಲೈಟು, ಹಿತ್ತಲ ಲೈಟು, ನೀರಿನ ಪಂಪು ಅದಕ್ಕೆ ಜೋಡಿಸಿ ಹೋದ. ಅವೆಲ್ಲ ಚೆನ್ನಾಗಿ ನಡೆಯುತ್ತಿವೆ. ಬಾಗಿಲಿಗೆ ಅಂತ ನಾನೇ ಕಳೆದ ತಿಂಗಳು ₹2,800 ಕೊಟ್ಟು ಒಂದು ವೈಫೈ ಕ್ಯಾಮೆರಾ ತಂದೆ.

ಆ ವೈಫೈ ಕ್ಯಾಮೆರಾದಲ್ಲೇ ಮೋಸ ಹೋದೆ. ಅಂಗಡಿಯಲ್ಲಿ ಸರಿಯಾಗಿ ಕೇಳಿದ್ದೆ, "ಹೋಮ್ ಅಸಿಸ್ಟೆಂಟ್‌ಗೆ ಸೇರುತ್ತಾ?" ಅಂತ. "ಎಲ್ಲಾದಕ್ಕೂ ಸೇರ್ತದ್ರೀ ಮೇಡಂ, ಡಬ್ಬಿ ಮ್ಯಾಲ ನೋಡ್ರಿ" ಅಂದರು. ಡಬ್ಬಿಯ ಮೇಲೆ ಅಲೆಕ್ಸಾ, ಗೂಗಲ್ ಎರಡರ ಗುರುತೂ ಇತ್ತು. ಮನೆಗೆ ತಂದು ನೋಡಿದರೆ ಅದರದೇ ಆ್ಯಪ್ ಬಿಟ್ಟು ಬೇರೆ ಎಲ್ಲೂ ಚಿತ್ರ ಬರಲಿಲ್ಲ. ಹೋಮ್ ಅಸಿಸ್ಟೆಂಟ್‌ನಲ್ಲಿ ಆ ಕಂಪನಿಯ ಹೆಸರೇ ಇಲ್ಲ. ವಾಪಸ್ ಕೊಡಲು ಹೋದರೆ ಡಬ್ಬಿ ಒಡೆದಿದೆ ಅಂತ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಸಲ ಹೀಗಾಗಬಾರದು. ಕ್ಯಾಮೆರಾ ಸೇರುತ್ತದೆ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಅಪ್ಪ ಹಾಕಿಸಿದ್ದನ್ನೆಲ್ಲ ಕಿತ್ತು ಹಾಕಬೇಕಾ? ಇಲ್ಲ, ಅಲೆಕ್ಸಾದ ಪರದೆ ತಂದುಬಿಟ್ಟರೆ ಸುಲಭವಾ? ಅವ್ವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಅದನ್ನು ನೆನಪಿಟ್ಟು ಹೇಳಿ.

ಗದಗ ಫಿಟ್ಟಿಂಗ್:

ಅಕ್ಕಾರ, ನಮಸ್ಕಾರ. ಅವ್ವಾರ ಕೈ ಈಗ ಹೇಗಿದೆ? ಗದಗ-ಬೆಟಗೇರಿಯಲ್ಲಿ 14 ವರ್ಷದಿಂದ ಕ್ಯಾಮೆರಾ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಅಪ್ಪಾರು ಹಾಕಿಸಿದ್ದನ್ನು ಮುಟ್ಟಬೇಡಿ. ನಿಮಗೆ ಬೇಕಾದ್ದು ಮನೆಯಲ್ಲೇ ಇದೆ.

ಆ ಹಳೇ ಕ್ಯಾಮೆರಾಗಳಿಗೆ ನೆಟ್‌ವರ್ಕ್ ಅಂದ್ರೆ ಏನು ಅಂತ ಗೊತ್ತಿಲ್ಲ ನಿಜ. ಅವು ವೈರ್‌ನಲ್ಲಿ ಚಿತ್ರ ಕಳಿಸುತ್ತವೆ, ಅಷ್ಟೇ. ಆದರೆ ಆ ಚಿತ್ರವನ್ನು ನೆಟ್‌ವರ್ಕ್‌ಗೆ ಕೊಡುವುದು ಡಿವಿಆರ್. ಅದರ ಬೆನ್ನಿಗೆ ನೋಡಿ. ನಾಲ್ಕು ದುಂಡನೆ ಪಿನ್‌ಗಳ ಪಕ್ಕದಲ್ಲಿ, ಟಿವಿ ವೈರ್ ಹಾಕಿದ ಕಡೆ, ಒಂದು ಚೌಕದ ಲ್ಯಾನ್ ತೂತು ಇರುತ್ತದೆ. ಬಹಳ ಮನೆಗಳಲ್ಲಿ ಅದರಲ್ಲಿ ಧೂಳು ಬಿಟ್ಟರೆ ಏನೂ ಇರಲ್ಲ. ಅಲ್ಲಿಂದ ರೌಟರ್‌ಗೆ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಆಮೇಲೆ ಟಿವಿಯಲ್ಲೇ ಡಿವಿಆರ್ ಮೆನು ತೆರೆದು, ನೆಟ್‌ವರ್ಕ್ ಅನ್ನುವಲ್ಲಿ ಐಪಿ ನಂಬರ್, ಅಂದ್ರೆ ಮನೆಯ ನೆಟ್‌ವರ್ಕ್‌ನಲ್ಲಿ ಡಿವಿಆರ್‌ನ ವಿಳಾಸ, ಎಷ್ಟು ಅಂತ ಬರೆದುಕೊಳ್ಳಿ.

ಈಗ ಫೋನಿನಲ್ಲಿ ವಿಡಿಯೋ ನೋಡುವ ವಿಎಲ್‌ಸಿ ಆ್ಯಪ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ನೆಟ್‌ವರ್ಕ್ ಸ್ಟ್ರೀಮ್ ತೆರೆಯುವ ಜಾಗ ಇದೆ. ಅಲ್ಲಿ ಆರ್‌ಟಿಎಸ್‌ಪಿ ವಿಳಾಸ, ಅಂದ್ರೆ ಕ್ಯಾಮೆರಾದ ಚಿತ್ರ ನೆಟ್‌ವರ್ಕ್‌ನಲ್ಲಿ ನೇರವಾಗಿ ಸಿಗುವ ವಿಳಾಸ ಕೊಡಬೇಕು. ಮೊದಲು ಡಿವಿಆರ್‌ನ ಹೆಸರು, ಪಾಸ್‌ವರ್ಡ್, ಆಮೇಲೆ ಐಪಿ, ಪೋರ್ಟ್ 554. ಹಿಕ್‌ವಿಷನ್‌ನಲ್ಲಿ ವಿಳಾಸದ ಕೊನೆಗೆ ಬರುವ ನಂಬರ್ ಮುಖ್ಯ. 101 ಅಂದ್ರೆ ಮೊದಲ ಕ್ಯಾಮೆರಾದ ದೊಡ್ಡ ಚಿತ್ರ, 102 ಅಂದ್ರೆ ಅದೇ ಕ್ಯಾಮೆರಾದ ಸಣ್ಣ ಚಿತ್ರ. ಎರಡನೇ ಕ್ಯಾಮೆರಾಗೆ 201, 202, ಹೀಗೇ ಮುಂದೆ. ಪೂರ್ತಿ ವಿಳಾಸ ನಿಮಗೆ ಬೇರೆಯಾಗಿ ಕಳಿಸುತ್ತೇನೆ. ವಿಎಲ್‌ಸಿಯಲ್ಲಿ ಚಿತ್ರ ಬಂತು ಅಂದ್ರೆ ಹೋಮ್ ಅಸಿಸ್ಟೆಂಟ್‌ನಲ್ಲೂ ತರಬಹುದು.

ಹೊಸದು ಕೊಳ್ಳುವಾಗಲೂ ನಾನು ನಂಬುವುದು ಇದೇ ಪರೀಕ್ಷೆಯನ್ನು. ಅಂಗಡಿಯಲ್ಲಿ ಡೆಮೋ ಪೀಸ್ ಇದ್ದರೆ ಕರೆಂಟ್ ಕೊಡಲು ಹೇಳಿ, ಅವರ ವೈಫೈಗೇ ನಿಮ್ಮ ಫೋನ್ ಸೇರಿಸಿ, ವಿಎಲ್‌ಸಿಯಲ್ಲಿ ತೆರೆದು ನೋಡಿ. ಚಿತ್ರ ಬಂದರೆ ತೊಗೊಳ್ಳಿ. ಬರದಿದ್ದರೆ ಯಾರು ಎಷ್ಟು ಹೇಳಿದರೂ ಎದ್ದು ಬನ್ನಿ. ಡೆಮೋ ಪೀಸ್ ಇಲ್ಲ ಅಂದ್ರೆ ಬಿಲ್ ಮೇಲೆ "ಆರ್‌ಟಿಎಸ್‌ಪಿ, ಆನ್‌ವಿಫ್ ಇದೆ, ಇಲ್ಲದಿದ್ದರೆ ವಾಪಸ್" ಅಂತ ಬರೆಸಿಕೊಳ್ಳಿ. ಆನ್‌ವಿಫ್ ಅಂದ್ರೆ ಬೇರೆ ಬೇರೆ ಕಂಪನಿಯ ಕ್ಯಾಮೆರಾ ಒಂದೇ ರೀತಿ ಸೇರಲಿ ಅಂತ ಇರುವ ನಿಯಮ. ನನ್ನ ಗಿರಾಕಿಗಳಿಗೆ ನಾನೇ ಹಾಗೆ ಬರೆದು ಕೊಡುತ್ತೇನೆ. ಬರೆಯಲು ಹಿಂಜರಿಯುವವರ ಹತ್ತಿರ ಕೊಳ್ಳಬೇಡಿ.

ಬ್ಯಾಟರಿ ಕ್ಯಾಮೆರಾ ಕಡೆ ಮಾತ್ರ ಹೋಗಬೇಡಿ. ವೈರ್ ಬೇಡ ಅಂತ ಜನ ಇಷ್ಟಪಡುತ್ತಾರೆ, ಆದರೆ ಬ್ಯಾಟರಿ ಉಳಿಸಲು ಅದು ಯಾವಾಗಲೂ ಮಲಗಿರುತ್ತದೆ. ಕೇಳಿದಾಗೆಲ್ಲ ಚಿತ್ರ ಕೊಡುವ ಸೌಲಭ್ಯ ಅಂಥವುಗಳಲ್ಲಿ ಬಹುತೇಕ ಇರುವುದಿಲ್ಲ. ಒಂದೇ ಕಂಪನಿಯ ವೈರ್ ಕ್ಯಾಮೆರಾದಲ್ಲಿ ಆರ್‌ಟಿಎಸ್‌ಪಿ ಇರುತ್ತದೆ, ಬ್ಯಾಟರಿಯದರಲ್ಲಿ ಇರಲ್ಲ. ಹಾಗಾಗಿ ಕಂಪನಿ ಹೆಸರು ಕೇಳಿದರೆ ಸಾಲದು, ಮಾಡೆಲ್ ನಂಬರ್ ಕೇಳಬೇಕು.

ಇನ್ನೊಂದು. ನಮ್ಮ ದೇಶದಲ್ಲಿ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಸುರಕ್ಷತೆ ಪರೀಕ್ಷೆ ಕಡ್ಡಾಯ ಆಗಿದೆ. ಹೊಸದು ತೊಗೊಂಡರೆ ಎಸ್‌ಟಿಕ್ಯೂಸಿ (ಸರ್ಕಾರದ ಪರೀಕ್ಷಾ ಸಂಸ್ಥೆ) ಪರೀಕ್ಷೆ ಆದ ಮಾಡೆಲ್ ಹೌದಾ ಅಂತ ಕೇಳಿ. ಅಗ್ಗಕ್ಕೆ ಸಿಗುವ ಹಳೇ ಸ್ಟಾಕ್ ಮನೆಗೆ ತರಬೇಡಿ.

ಮಾಳಮಡ್ಡಿ ಮನೆ:

ಅಣ್ಣಾರ, ಓದಿ ಎಷ್ಟು ಸಮಾಧಾನ ಆಯ್ತು ಅಂತ ಹೇಳಲಾರೆ. ಅವ್ವನ ಕೈ ಕೂಡಿದೆ, ಚಪಾತಿ ಲಟ್ಟಿಸುವಾಗ ಮಾತ್ರ ನೋವು ಅನ್ನುತ್ತಾಳೆ.

ಇವತ್ತು ಧಾರವಾಡಕ್ಕೆ ಹೋಗಿದ್ದೆ. ಲ್ಯಾನ್ ತೂತು ನೀವು ಹೇಳಿದ ಜಾಗದಲ್ಲೇ ಇದೆ. ಧೂಳೂ ಇತ್ತು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಅವ್ವನೇ "ನಿಮ್ಮ ಅಪ್ಪನ ಡೈರಿ ನೋಡು" ಅಂದಳು. 2017ರ ಡೈರಿಯ ಕೊನೇ ಹಾಳೆಯಲ್ಲಿ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ, ಅಪ್ಪ ನೀಲಿ ಶಾಯಿಯಲ್ಲಿ ದುಂಡಗೆ "ಕ್ಯಾಮೆರಾ ಡಬ್ಬಿ" ಅಂತ ಬರೆದು ಪಾಸ್‌ವರ್ಡ್ ಇಟ್ಟಿದ್ದಾರೆ. ಕೆಳಗೆ ಎರಡು ಗೆರೆ. ಸ್ವಲ್ಪ ಹೊತ್ತು ಇಬ್ಬರೂ ಆ ಹಾಳೆ ನೋಡುತ್ತ ಕೂತಿದ್ದೆವು.

ಟಿವಿಯಲ್ಲಿ ಆ ಪಾಸ್‌ವರ್ಡ್ ಒಪ್ಪಿಕೊಂಡಿತು. ಐಪಿಯೂ ಸಿಕ್ಕಿತು. ಆದರೆ ವಿಎಲ್‌ಸಿಯಲ್ಲಿ ನೀವು ಕಳಿಸಿದ ವಿಳಾಸ ಹಾಕಿದರೆ ತೆರೆಯಲು ಆಗಲ್ಲ ಅನ್ನುತ್ತದೆ. ಅಕ್ಷರ ಅಕ್ಷರ ನೋಡಿ ನಾಲ್ಕು ಸಲ ಹಾಕಿದೆ. ಪಾಸ್‌ವರ್ಡ್‌ನ ನಡುವೆ ಒಂದು @ ಗುರುತಿದೆ. ಅದರಿಂದ ಏನಾದರೂ ತೊಂದರೆ ಇರುತ್ತಾ?

ಉಣಕಲ್ ಕೆರೆ ದಂಡೆ:

ಮೇಡಂ, ತೊಂದರೆ ಅದರದ್ದೇ. ಆರ್‌ಟಿಎಸ್‌ಪಿ ವಿಳಾಸದಲ್ಲಿ ಪಾಸ್‌ವರ್ಡ್ ಮುಗಿಯಿತು, ಇನ್ನು ಐಪಿ ಬರುತ್ತೆ ಅಂತ ಹೇಳಲು @ ಗುರುತನ್ನೇ ಬಳಸುತ್ತಾರೆ. ನಿಮ್ಮ ಅಪ್ಪನ ಪಾಸ್‌ವರ್ಡ್‌ನಲ್ಲೂ ಅದು ಇರುವುದರಿಂದ ವಿಎಲ್‌ಸಿ ಪಾಸ್‌ವರ್ಡ್‌ನ ಅರ್ಧವನ್ನೇ ಐಪಿ ಅಂದುಕೊಳ್ಳುತ್ತಿದೆ. ಪಾಸ್‌ವರ್ಡ್ ಒಳಗಿನ @ ಬದಲಿಗೆ %40 ಅಂತ ಬರೆಯಿರಿ. ಐಪಿಗೆ ಮುಂಚೆ ಇರುವ @ ಹಾಗೇ ಇರಲಿ. ಚಿತ್ರ ಬರುತ್ತದೆ.

ಇನ್ನೊಂದು ಮಾತು. ಹೋಮ್ ಅಸಿಸ್ಟೆಂಟ್‌ಗೆ ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ. ಡಿವಿಆರ್‌ನಲ್ಲಿ ನೋಡಲು ಮಾತ್ರ ಬಿಡುವ ಇನ್ನೊಂದು ಯೂಸರ್ ಮಾಡಿ, ಅದಕ್ಕೆ ಬರೀ ಅಕ್ಷರ, ಅಂಕಿ ಇರುವ ಉದ್ದನೆ ಪಾಸ್‌ವರ್ಡ್ ಇಡಿ. ಈ ತಲೆನೋವೇ ಇರಲ್ಲ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರ್‌ಗಳ ಒಳಗೆ ಹೊಕ್ಕಿದ್ದು ಕಂಪನಿಯಿಂದ ಬಂದ ಪಾಸ್‌ವರ್ಡ್ ಯಾರೂ ಬದಲಾಯಿಸಿರಲಿಲ್ಲ ಅನ್ನುವ ಕಾರಣಕ್ಕೆ. ನಿಮ್ಮ ಅಪ್ಪ ಬದಲಾಯಿಸಿಟ್ಟಿದ್ದಾರೆ, ದೊಡ್ಡ ಮಾತು. ರೌಟರ್‌ನಲ್ಲಿ ಡಿವಿಆರ್‌ಗೆ ಅಂತ ಯಾವ ಪೋರ್ಟನ್ನೂ, ಅಂದ್ರೆ ಇಂಟರ್ನೆಟ್‌ನಿಂದ ಒಳಗೆ ಬರುವ ದಾರಿಯನ್ನೂ, ಹೊರಗಡೆಗೆ ತೆರೆಯಬೇಡಿ.

ಈಗ ಡಬ್ಬಿಯ ಮೇಲಿನ ಗುರುತಿನ ವಿಷಯ. ಅಂಗಡಿಯವರು ಹೇಳಿದ್ದು ಯಾಕೆ ತಪ್ಪಾಯ್ತು ಅಂತ ಬಿಡಿಸಿ ಹೇಳುತ್ತೇನೆ, ಬಹಳ ಜನ ಇಲ್ಲೇ ಎಡವುತ್ತಾರೆ. ಅಲೆಕ್ಸಾ ಗುರುತು ಅಂದ್ರೆ ಆ ಕ್ಯಾಮೆರಾದ ಚಿತ್ರವನ್ನು ಅಮೆಜಾನ್‌ನ ಪರದೆಯಲ್ಲಿ, ಅಂದ್ರೆ ಎಕೋ ಶೋ ಥರದ್ದರಲ್ಲಿ, ನೋಡಬಹುದು ಅಂತ ಅರ್ಥ. ಪರದೆ ಇಲ್ಲದ ಎಕೋ ಸ್ಪೀಕರ್ ಇದ್ದರೆ ಏನು ಕಾಣುತ್ತೆ ಹೇಳಿ? ಗೂಗಲ್ ಗುರುತೂ ಹಾಗೇ. ಕ್ಯಾಮೆರಾ ಕಂಪನಿ ಆ ಎರಡು ಕಂಪನಿಗಳ ಜೊತೆ ಮಾತಾಡಿಕೊಂಡಿದೆ, ಅಷ್ಟೇ. ಮೂರನೆಯವರಿಗೆ ಚಿತ್ರ ಕೊಡುತ್ತದೆ ಅಂತ ಆ ಗುರುತು ಎಲ್ಲೂ ಹೇಳುವುದಿಲ್ಲ. ಆ್ಯಪಲ್‌ನದ್ದು ಇನ್ನೂ ಬೇರೆ. ಅವರ ಸ್ಮಾರ್ಟ್ ಮನೆ ವ್ಯವಸ್ಥೆಯಾದ ಹೋಮ್‌ಕಿಟ್‌ನಲ್ಲಿ ರೆಕಾರ್ಡಿಂಗ್ ಬೇಕು ಅಂದ್ರೆ ಮನೆಯಲ್ಲಿ ಆ್ಯಪಲ್ ಟಿವಿ ಅಥವಾ ಹೋಮ್‌ಪಾಡ್ ಇರಬೇಕು, ತಿಂಗಳ ಐಕ್ಲೌಡ್ ಪ್ಲಾನೂ ಬೇಕು.

ನಿಮಗೆ ಹೋಮ್ ಅಸಿಸ್ಟೆಂಟ್ ಇದೆ. ಹಾಗಾಗಿ ನೀವು ಡಬ್ಬಿಗಿಂತ ಮೊದಲು ನೋಡಬೇಕಾದ್ದು ಹೋಮ್ ಅಸಿಸ್ಟೆಂಟ್‌ನ ಇಂಟಿಗ್ರೇಷನ್ ಪಟ್ಟಿ, ಅಂದ್ರೆ ಅದಕ್ಕೆ ಯಾವ್ಯಾವ ಕಂಪನಿಯವು ಸೇರುತ್ತವೆ ಅನ್ನುವ ಪಟ್ಟಿ. ಕಂಪನಿ ಹೆಸರು ಹಾಕಿ ಹುಡುಕಿ. ಹೆಸರು ಸಿಕ್ಕಿದ ತಕ್ಷಣ ಖುಷಿಯಾಗಿ ಎದ್ದುಬಿಡಬೇಡಿ. ಆ ಪುಟದಲ್ಲೇ ಅದು ಲೋಕಲ್ಲೋ ಕ್ಲೌಡೋ ಅಂತ ಬರೆದಿರುತ್ತಾರೆ. ಲೋಕಲ್ ಪುಶ್ ಅಥವಾ ಲೋಕಲ್ ಪೋಲಿಂಗ್ ಅಂತಿದ್ದರೆ ಕ್ಯಾಮೆರಾ ನಿಮ್ಮ ಮನೆಯೊಳಗೇ ಪೈ ಜೊತೆ ನೇರವಾಗಿ ಮಾತಾಡುತ್ತದೆ. ಕ್ಲೌಡ್ ಅಂತಿದ್ದರೆ ಮಾತು ಆ ಕಂಪನಿಯ ಸರ್ವರ್‌ಗೆ ಹೋಗಿ ವಾಪಸ್ ಮಾಳಮಡ್ಡಿಗೆ ಬರಬೇಕು. ಇಂಟರ್ನೆಟ್ ನಿಂತರೆ ಅದೂ ನಿಂತಿತು. ಅವ್ವಾರ ಬಾಗಿಲಿಗೆ ಅದು ಬೇಡ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಆನ್‌ವಿಫ್ ಇದ್ದರೆ ಸಾಕು, ಬರೀ ಆರ್‌ಟಿಎಸ್‌ಪಿ ಇದ್ದರೂ ಜೆನೆರಿಕ್ ಕ್ಯಾಮೆರಾ ಅಂತ ಸೇರಿಸಬಹುದು.

ಆನ್‌ವಿಫ್ ಅಂದ್ರೆ ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳು ಒಂದೇ ಭಾಷೆ ಆಡಲಿ ಅಂತ 2008ರಲ್ಲಿ ಆ್ಯಕ್ಸಿಸ್, ಬಾಷ್, ಸೋನಿ ಸೇರಿ ಕಟ್ಟಿದ ವೇದಿಕೆ. ಪರೀಕ್ಷೆ ಮುಗಿಸಿದ ಮಾಡೆಲ್‌ಗಳ ಪಟ್ಟಿ ಅವರ ವೆಬ್‌ಸೈಟ್‌ನಲ್ಲೇ ಇದೆ. ಕ್ಯಾಮೆರಾದಲ್ಲಿ ಪ್ರೊಫೈಲ್ ಎಸ್ ಅಥವಾ ಪ್ರೊಫೈಲ್ ಟಿ ಇದೆಯಾ ಅಂತ ಅಲ್ಲೇ ನೋಡಬಹುದು. ಎಸ್ ಅಂದ್ರೆ ಚಿತ್ರ ಕೊಡುವ ಮೂಲ ಸೌಲಭ್ಯ. ಟಿ ಅದರ ನಂತರ ಬಂದದ್ದು, ಎಚ್.265 (ವಿಡಿಯೋ ಕುಗ್ಗಿಸಿ ಕಳಿಸುವ ಹೊಸ ವಿಧಾನ) ಎಲ್ಲ ಸೇರಿದೆ. ಆನ್‌ವಿಫ್ ಇದ್ದರೂ ಆಫ್ ಮಾಡಿಟ್ಟಿರುತ್ತಾರೆ, ಅದನ್ನೂ ಗಮನಿಸಿ. ಹಿಕ್‌ವಿಷನ್‌ನ ಹೊಸ ಕ್ಯಾಮೆರಾಗಳಲ್ಲಿ ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಿ, ಅದಕ್ಕೇ ಬೇರೆ ಯೂಸರ್ ಮಾಡಬೇಕು. ಟಾಪೊ ಸಿ200 ಥರದ್ದರಲ್ಲಿ ಆ್ಯಪ್‌ನೊಳಗೆ ಕ್ಯಾಮೆರಾ ಅಕೌಂಟ್ ಅಂತ ಒಂದು ಮಾಡಿದ ಮೇಲೆಯೇ ಆರ್‌ಟಿಎಸ್‌ಪಿ ತೆರೆಯುತ್ತದೆ. ಅದು ಗೊತ್ತಿಲ್ಲದೆ ಕ್ಯಾಮೆರಾ ಸೇರಲ್ಲ ಅಂತ ವಾಪಸ್ ಕೊಟ್ಟವರಿದ್ದಾರೆ.

ಮ್ಯಾಟರ್ (ಬೇರೆ ಬೇರೆ ಕಂಪನಿಯ ಸ್ಮಾರ್ಟ್ ಸಾಧನಗಳು ಒಂದಕ್ಕೊಂದು ಸೇರಲಿ ಅಂತ ಬಂದ ನಿಯಮ) ಅಂತ ಯಾರಾದರೂ ಹೇಳಿದರೆ, ಅದಕ್ಕೆ ಕ್ಯಾಮೆರಾ ಸೇರಿದ್ದೇ 1.5ನೇ ಆವೃತ್ತಿಯಲ್ಲಿ, 2025ರ ನವೆಂಬರ್‌ನಲ್ಲಿ. ಅದನ್ನು ಕಾಯುತ್ತ ಕೂರಬೇಡಿ.

ಪರದೆಯ ವಿಷಯಕ್ಕೆ ಬರುತ್ತೇನೆ, ಅದೇ ನಿಮಗೆ ಮುಖ್ಯ ಅಲ್ವಾ. ಅಲೆಕ್ಸಾ ಬೇಡ. ಅದಕ್ಕೆ ಕನ್ನಡ ಬರಲ್ಲ, ಅವ್ವಾರಿಗೆ ಅದರ ಭಾಷೆ ಬರಲ್ಲ. ಮನೆಯಲ್ಲಿ ಹಳೇ ಆಂಡ್ರಾಯ್ಡ್ ಟ್ಯಾಬ್ ಇದೆಯಾ ನೋಡಿ. ಅಡುಗೆಮನೆ ಗೋಡೆಗೆ ಅದನ್ನು ಕೂರಿಸಿ. ಒಲೆಯಿಂದ ದೂರ ಇರಲಿ, ಒಗ್ಗರಣೆ ಎಣ್ಣೆ ಸಿಡಿಯುತ್ತೆ. ಅದಕ್ಕೆ ಫುಲ್ಲಿ ಕಿಯೋಸ್ಕ್ ಅನ್ನುವ ಬ್ರೌಸರ್ ಹಾಕಿ. ಒಂದು ಸಲ ದುಡ್ಡು ಕೊಟ್ಟು ಲೈಸೆನ್ಸ್ ತೊಗೋಬೇಕು. ಆಗ ಹೋಮ್ ಅಸಿಸ್ಟೆಂಟ್‌ನಿಂದಲೇ ಆ ಟ್ಯಾಬ್‌ನ ಪರದೆ ಹತ್ತಿಸಬಹುದು, ಆರಿಸಬಹುದು, ಬೇಕಾದ ಪುಟ ತೆರೆಯಬಹುದು.

ಬೆಲ್ ಒತ್ತಿದ್ದು ಹೋಮ್ ಅಸಿಸ್ಟೆಂಟ್‌ಗೆ ಗೊತ್ತಾಗಬೇಕಲ್ಲ. ಅದಕ್ಕೆ ಕ್ಯಾಮೆರಾದ ಮೋಷನ್ ಅಲರ್ಟ್ ನೆಚ್ಚಬೇಡಿ. ಬೀದಿನಾಯಿ ಹೋದರೂ, ಗಿಡ ಅಲ್ಲಾಡಿದರೂ ಪರದೆ ಹತ್ತುತ್ತದೆ, ನಾಲ್ಕು ದಿನಕ್ಕೆ ಅವ್ವಾರು ಅದನ್ನು ನೋಡುವುದನ್ನೇ ಬಿಡುತ್ತಾರೆ. ಬೆಲ್ ಪಕ್ಕದಲ್ಲಿ ಒಂದು ಜಿಗ್ಬೀ ಬಟನ್, ಅಂದ್ರೆ ವೈರ್ ಬೇಡದ ಸಣ್ಣ ಸ್ಮಾರ್ಟ್ ಬಟನ್ ಕೂರಿಸಿ. ಪೈಗೆ ಒಂದು ಜಿಗ್ಬೀ ಯುಎಸ್‌ಬಿ ಸ್ಟಿಕ್ ಬೇಕಾಗುತ್ತದೆ. ಬಟನ್ ಒತ್ತಿದ ಕೂಡಲೇ ಪರದೆ ಹತ್ತಲಿ, ಬಾಗಿಲ ಕ್ಯಾಮೆರಾ ಬರಲಿ, ಕತ್ತಲಾಗಿದ್ದರೆ ಕಟ್ಟೆ ಲೈಟು ಹತ್ತಲಿ, ಟ್ಯಾಬ್‌ನಿಂದ ಗಂಟೆ ಸದ್ದು ಬರಲಿ. ಒಂದು ನಿಮಿಷ ಆದ ಮೇಲೆ ಪರದೆ ಆರಲಿ.

ಡಿವಿಆರ್‌ನಲ್ಲಿ ಸಣ್ಣ ಚಿತ್ರವನ್ನು, ಅಂದ್ರೆ 102 ಥರದ್ದನ್ನು, ಹಳೇ ವಿಧಾನವಾದ ಎಚ್.264ಕ್ಕೆ ಇಡಿ. ಎಚ್.265 ಇದ್ದರೆ ಹಳೇ ಟ್ಯಾಬ್‌ಗಳ ಬ್ರೌಸರ್‌ನಲ್ಲಿ ಕಪ್ಪು ಪರದೆ ಬರುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಎರಡು ದಿನ ಒದ್ದಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ತಡವಿಲ್ಲದೆ ವಿಡಿಯೋ ಕಳಿಸುವ ವೆಬ್‌ಆರ್‌ಟಿಸಿ ವಿಧಾನದಲ್ಲಿ ಚಿತ್ರ ಬರುವ ಹಾಗೆ ಮಾಡಿ. ಹೋಮ್ ಅಸಿಸ್ಟೆಂಟ್‌ನ 2024.11 ಆವೃತ್ತಿಯಿಂದ ಅದಕ್ಕೆ ಬೇಕಾದ ಗೋ2ಆರ್‌ಟಿಸಿ ಅನ್ನುವ ಪ್ರೋಗ್ರಾಂ ಒಳಗೇ ಬರುತ್ತದೆ. ಹಳೇ ರೀತಿಯಲ್ಲಿ ಚಿತ್ರ ಹಲವು ಸೆಕೆಂಡ್ ತಡ. ಅಷ್ಟರಲ್ಲಿ ಬಂದವರು ಯಾರೂ ಇಲ್ಲ ಅಂತ ಗೇಟ್ ದಾಟಿರುತ್ತಾರೆ.

ಬ್ಯಾಡಗಿ ಗೋದಾಮು:

ಮೇಲಿನವರು ಹೇಳಿದ ಲೋಕಲ್-ಕ್ಲೌಡ್ ಮಾತಿಗೆ ನನ್ನ ಅನುಭವ ಸೇರಿಸುತ್ತೇನೆ. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ಗೋದಾಮು. ಐದು ವರ್ಷದ ಹಿಂದೆ ಕ್ಲೌಡ್‌ನಲ್ಲಿ ಮಾತ್ರ ನಡೆಯುವ ನಾಲ್ಕು ಕ್ಯಾಮೆರಾ ಹಾಕಿಸಿದೆ. ಸೀಸನ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋಯ್ತು. ಕ್ಯಾಮೆರಾಗಳು ಇನ್ವರ್ಟರ್ ಮೇಲೆ ನಡೆಯುತ್ತಿದ್ದವು, ಆದರೆ ರೌಟರ್‌ಗೆ ಇನ್ವರ್ಟರ್ ಕೊಟ್ಟಿರಲಿಲ್ಲ. ಬೆಳಿಗ್ಗೆ ನೋಡಿದರೆ ಹನ್ನೊಂದು ಚೀಲ ಇಲ್ಲ. ಕ್ಯಾಮೆರಾ ಎಲ್ಲ ಕಂಡಿದೆ, ಆದರೆ ಬರೆದಿಟ್ಟುಕೊಳ್ಳಲು ಜಾಗ ಗೋದಾಮಿನಲ್ಲಿರಲಿಲ್ಲ. ಮುಂದಿನ ವರ್ಷ ಆ ಕಂಪನಿಯೇ ಸೇವೆ ನಿಲ್ಲಿಸಿತು. ನಾಲ್ಕೂ ಕ್ಯಾಮೆರಾ ಈಗ ಒಂದು ಖಾಲಿ ಚೀಲದಲ್ಲಿ ಬಿದ್ದಿವೆ. ಸಣ್ಣ ಕಂಪನಿಗಳಷ್ಟೇ ಹೀಗೆ ಅಂದುಕೊಳ್ಳಬೇಡಿ. ಬೇರೆ ಕಂಪನಿಯವನ್ನು ತನ್ನ ನೆಸ್ಟ್ ಸಾಧನಗಳ ಜೊತೆ ಸೇರಿಸುವ ವರ್ಕ್ಸ್ ವಿತ್ ನೆಸ್ಟ್ ಅನ್ನುವ ಪೂರ್ತಿ ವ್ಯವಸ್ಥೆಯನ್ನೇ ಗೂಗಲ್ 2019ರಲ್ಲಿ ಮುಚ್ಚುವ ದಾರಿ ಹಿಡಿಯಿತು.

ಹಾಗಾಗಿ ತಂಗಿ, ಮಿನಿ ಯುಪಿಎಸ್ ಒಂದು ರೌಟರ್‌ಗೂ ಪೈಗೂ ಡಿವಿಆರ್‌ಗೂ ಸಾಲುವಂಥದ್ದು ತೊಗೊಳ್ಳಿ. ಮೂರರಲ್ಲಿ ಒಂದು ಆರಿದರೂ ಅವ್ವಾರ ಪರದೆ ಕಪ್ಪಾಗುತ್ತದೆ. ರೌಟರ್ ಒಳಗೆ ಹೋಗಿ ಡಿವಿಆರ್‌ನ ಐಪಿಯನ್ನು ಕಾಯಂ ಮಾಡಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗುತ್ತದೆ, ನಿನ್ನೆ ಬಂದ ಚಿತ್ರ ಇವತ್ತು ಬರಲ್ಲ. ನನಗೆ ಹೀಗೆ ಮೂರು ಸಲ ಆಗಿದೆ, ಪ್ರತಿ ಸಲ ಹಾವೇರಿಯಿಂದ ಹುಡುಗನನ್ನು ಕರೆಸಿದ್ದೇನೆ.

ರೆಕಾರ್ಡಿಂಗ್ ಲೆಕ್ಕ ಬೇಕಾದರೆ ಇಟ್ಟುಕೊಳ್ಳಿ. ನಿಮಗೆ ಗಣಿತ ಹೇಳಬೇಕಾಗಿಲ್ಲ. ಒಂದು ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ಚಿತ್ರ ದಿನಕ್ಕೆ 10.8 ಜಿಬಿ ತಿನ್ನುತ್ತದೆ. ಎರಡು ಎಂಬಿಪಿಎಸ್ ಕ್ಯಾಮೆರಾಗೆ 128 ಜಿಬಿ ಕಾರ್ಡ್ ಹಾಕಿದರೆ ಐದಾರು ದಿನ ಉಳಿಯುತ್ತದೆ. ಅಂಥ ನಾಲ್ಕನ್ನು ಕ್ಲೌಡ್‌ಗೆ ಕಳಿಸಿದರೆ ಹಗಲು ರಾತ್ರಿ 8 ಎಂಬಿಪಿಎಸ್ ಅಪ್‌ಲೋಡ್ ಬೇಕು. ನಮ್ಮ ಊರ ಲೈನ್‌ಗೆ ಅದು ಭಾರ.

ಮಾಳಮಡ್ಡಿ ಮನೆ:

ಎಲ್ಲರಿಗೂ ವರದಿ ಕೊಡುತ್ತೇನೆ. %40 ಹಾಕಿದ ಕೂಡಲೇ ವಿಎಲ್‌ಸಿಯಲ್ಲಿ ನಮ್ಮ ಕಟ್ಟೆ ಕಾಣಿಸಿತು. ನಾನು ಜೋರಾಗಿ ಕೂಗಿದ್ದಕ್ಕೆ ಅವ್ವ ಏನಾಯ್ತೋ ಅಂತ ಗಾಬರಿಯಾದಳು.

ತಮ್ಮ ಶನಿವಾರ ರಾತ್ರಿ ಪುಣೆಯಿಂದ ವಿಡಿಯೋ ಕಾಲ್‌ನಲ್ಲಿ ಕೂತ. ಡಿವಿಆರ್‌ಗೆ ಬೇರೆ ಯೂಸರ್ ಮಾಡಿದೆವು, ಐಪಿ ಕಾಯಂ ಮಾಡಿದೆವು, ಸಣ್ಣ ಚಿತ್ರ ಎಚ್.264ಕ್ಕೆ ಇಟ್ಟೆವು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಅಂತ ಕೊಂಡಿದ್ದ ನನ್ನ ಟ್ಯಾಬ್ ಈಗ ಅಡುಗೆಮನೆಯಲ್ಲಿ, ಫ್ರಿಜ್ ಪಕ್ಕದ ಗೋಡೆಯ ಮೇಲಿದೆ. ಜಿಗ್ಬೀ ಬಟನ್ ಮಂಗಳವಾರ ಬಂತು. ಅವ್ವನ ಹಳೇ ಬೆಲ್ ಕೆಳಗೆ ಅದನ್ನು ಅಂಟಿಸಿ, ಮೇಲೆ "ಇದನ್ನು ಒತ್ತಿರಿ" ಅಂತ ಬರೆದೆ.

ನಿನ್ನೆ ಸಂಜೆ ಮೊದಲ ಸಲ ನಿಜವಾಗಿ ಪರೀಕ್ಷೆ ಆಯ್ತು. ಅವ್ವ ಮಣೆಯ ಮೇಲೆ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ಟ್ಯಾಬ್ ಗಂಟೆ ಬಾರಿಸಿ ಹತ್ತಿತು. ನನ್ನ ಲೆಕ್ಕದಲ್ಲಿ ಒಂದು ಸೆಕೆಂಡೂ ಹಿಡಿಯಲಿಲ್ಲ. ಅವ್ವ ಕೈಯಲ್ಲಿ ಹೀರೇಕಾಯಿ ಹಿಡಿದೇ ಕತ್ತೆತ್ತಿ ನೋಡಿದಳು. ಎದ್ದೇಳಲಿಲ್ಲ! ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದಳು, ಅದನ್ನು ಗದಗದ ಅಣ್ಣಾರಿಗೆ ಹಾಗೇ ಹೇಳುತ್ತಿದ್ದೇನೆ: "ತಲಿ ಕಾಣ್ತದ ಅವ್ವಿ, ಮಾರಿ ಕಾಣೂದಿಲ್ಲ."

ಹೌದು, ಕ್ಯಾಮೆರಾ ಬಹಳ ಮೇಲಿದೆ. ಹತ್ತು ಅಡಿ ಎತ್ತರದಲ್ಲಿ, ಸೂರಿನ ಕೆಳಗೆ. ಬಂದವರ ಬೈತಲೆ ಕಾಣುತ್ತದೆ, ಮುಖ ಕಾಣಲ್ಲ. ಇನ್ನು ರಾತ್ರಿ ಹೊತ್ತು ಚಿತ್ರದ ತುಂಬ ಬೆಳ್ಳನೆ ಹಗ್ಗದಂಥದ್ದು ಅಲ್ಲಾಡುತ್ತಿರುತ್ತದೆ. ಕ್ಯಾಮೆರಾ ಹಳತಾಯ್ತಾ?

ಗದಗ ಫಿಟ್ಟಿಂಗ್:

ಹಳತಾಗಿಲ್ಲ ಅಕ್ಕಾರ. ಆ ಬೆಳ್ಳನೆ ಹಗ್ಗ ಜೇಡರ ಬಲೆ. ರಾತ್ರಿ ಕ್ಯಾಮೆರಾದ ಕಣ್ಣಿನ ಸುತ್ತ ಇರುವ ಸಣ್ಣ ದೀಪಗಳು ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುತ್ತವೆ. ಆ ಬೆಚ್ಚಗಿನ ಜಾಗಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಬಲೆಯ ಒಂದು ಎಳೆ ಕಣ್ಣಿನ ಮುಂದೆ ಬಂದರೂ ಅಷ್ಟು ಬೆಳಕಿಗೆ ಹೊಳೆದು ಹಗ್ಗದಷ್ಟು ದಪ್ಪ ಕಾಣುತ್ತದೆ. ಒಣ ಬಣ್ಣದ ಬ್ರಷ್‌ನಿಂದ ತಿಂಗಳಿಗೊಮ್ಮೆ ಗುಡಿಸಿಬಿಡಿ. ಗಾಜನ್ನು ಒರಟು ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ.

ಎತ್ತರದ ಬಗ್ಗೆ ಅವ್ವಾರು ಹೇಳಿದ್ದೇ ಸರಿ. ಆ ಕಾಲದಲ್ಲಿ ಕಳ್ಳರ ಕೈಗೆ ಸಿಗಬಾರದು ಅಂತ ಎಲ್ಲರೂ ಮೇಲೆ ಹಾಕುತ್ತಿದ್ದೆವು, ನಾನೂ ಹಾಕಿದ್ದೇನೆ. ಮುಖ ಬೇಕು ಅಂದ್ರೆ ಆರು, ಆರೂವರೆ ಅಡಿಗೆ ಇಳಿಸಬೇಕು, ಬಾಗಿಲ ಪಕ್ಕದ ಗೋಡೆಗೆ, ಬಟನ್ ಇರುವ ಕಡೆಯೇ. ಬಟನ್ ಒತ್ತಲು ಬಂದವರು ತಾವಾಗಿ ಅದರ ಮುಂದೆ ನಿಲ್ಲುತ್ತಾರೆ. ಇಳಿಸುವ ಮೊದಲು ಒಂದು ಸಂಜೆ ಬಿಸಿಲು ಯಾವ ಕಡೆಯಿಂದ ಬೀಳುತ್ತೆ ನೋಡಿ. ಬಂದವರ ಬೆನ್ನಿಗೆ ಬಿಸಿಲಿದ್ದರೆ ಮುಖ ಕಪ್ಪಾಗುತ್ತದೆ. ವೈರ್ ಸಾಲದಿದ್ದರೆ ಜೋಡಿಸಲು ಹೋಗಬೇಡಿ, ಉದ್ದನೆಯದು ಹೊಸದಾಗಿ ಎಳೆಸಿ. ಮುಂದಿನ ಭಾನುವಾರ ನನಗೆ ನವಲೂರಿನಲ್ಲಿ ಕೆಲಸ ಇದೆ. ಮಧ್ಯಾಹ್ನ ಮುಗಿಯುತ್ತದೆ. ಅವ್ವಾರು ಒಪ್ಪಿದರೆ ಬಂದು ಇಳಿಸಿಕೊಡುತ್ತೇನೆ.

ಮಾಳಮಡ್ಡಿ ಮನೆ:

ಬನ್ನಿ ಅಣ್ಣಾರ, ಅವ್ವನಿಗೆ ಈಗಲೇ ಫೋನ್ ಮಾಡಿ ಹೇಳಿದೆ. ಊಟಕ್ಕೆ ಬರಲಿ ಅಂದಳು. ಬಂದಾಗ ಹೊಸ ಬಟನ್ ಒತ್ತಿ ಸ್ವಲ್ಪ ನಿಲ್ಲಿ. ಆಕೆಗೆ ನಡೆದು ಬರಲು ಹೊತ್ತು ಹಿಡಿಯುತ್ತದೆ.